ಪಜಮ್ ಪೊರಿ

14 ಜೂನ್ 2024, ಶುಕ್ರವಾರ

ಆಫೀಸು ಬಿಟ್ಟಾಗ ಜೋರು ಮಳೆ. ಕೊಡೆ ಇರಲಿಲ್ಲ. ಓಡಿಹೋಗಿ ಮೂಲೆಯ ಮಲಯಾಳಿ ಚೇಟ್ಟನ (ಅಣ್ಣನ) ಟೀ ಅಂಗಡಿ ಸೇರಿಕೊಂಡೆ. ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ ಬಂದಮೇಲೆ ಹೊಸ ಬೋರ್ಡು ಬರೆಸಿದ್ದಾರೆ. ಅದನ್ನೇ ಓದಿ, "ಎರಡು ಪಜಮ್ ಪೊರಿ" ಅಂದೆ. ಹಿಟ್ಟಲ್ಲಿ ಅದ್ದಿ ಕರಿದ ಬಾಳೆಹಣ್ಣು ಅದು.

ಚೇಟ್ಟ ಎಣ್ಣೆಯಿಂದ ಜಾಲರಿ ಎತ್ತುತ್ತಾ ನಕ್ಕರು. "ಪಜಮ್ ಅಲ್ಲ ಸಾರ್, ಪೞಂ." ನಾಲಿಗೆ ತುದಿಯನ್ನು ಹಿಂದಕ್ಕೆ ಮಡಿಸಿ, ಎಲ್ಲೂ ತಾಗಿಸದೆ ಹೇಳಿ ತೋರಿಸಿದರು. ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಪಳಂ. ಪರವಾಗಿಲ್ಲ ಅಂದರು, ಪಾಪ.

ತಪ್ಪು ಬೋರ್ಡು ಬರೆದವನದ್ದೂ ಅಲ್ಲ. ಹಳೇ ಬೋರ್ಡಿನ ಇಂಗ್ಲಿಷಿನಲ್ಲಿ ಝೆಡ್ ಇತ್ತು, ಪಕ್ಕದಲ್ಲಿ ಎಚ್ ಇತ್ತು. ಅವನು ಜ ಬರೆದ. ನಾವು ಕಲ್ಲಿಕೋಟೆಯನ್ನು ಕೋಝಿಕೋಡ್ ಅನ್ನುವುದೂ ಹೀಗೇ ಅಲ್ವಾ?

ಆ ಜೋಡಿಯನ್ನು ನಂಬುವ ಹಾಗೇ ಇಲ್ಲ. ಕಳೆದ ವರ್ಷ ಏಷ್ಯನ್ ಗೇಮ್ಸ್ ನಡೆದ ಹಾಂಗ್‌ಝೌನಲ್ಲೂ ಅದೇ ಇದೆ. ಚೀನೀಯರ ಬಾಯಲ್ಲಿ ಅದು ನಾಲಿಗೆ ಮಡಿಸಿ ಅಂದ ಜ. 1958ರಲ್ಲಿ ಚೀನೀ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ ಜಾರಿಗೆ ಬಂದಾಗ ಆ ಸದ್ದಿಗೆ ಗೊತ್ತಾದ ಗುರುತು ಅದು. ರಷ್ಯಾದ ಸೇನಾಪತಿ ಝುಕೋವ್ ಹೆಸರಲ್ಲಿ ಬರುವುದು ಇಂಗ್ಲಿಷಿನವರು 'ಟೆಲಿವಿಷನ್' ಅನ್ನುವಾಗ ನಡುವೆ ಗುಂಯ್ ಅನ್ನುವ ಸದ್ದು. ನಮ್ಮ ಝರಿಯ ಝ ಈ ಮೂರರಲ್ಲಿ ಒಂದೂ ಅಲ್ಲ.

ಬೇಜಾರೆಂದರೆ, ಚೇಟ್ಟನ ಸದ್ದಿಗೆ ನಮ್ಮಲ್ಲೇ ಅಕ್ಷರ ಇತ್ತು. ೞ. ಹಲ್ಮಿಡಿ ಶಾಸನದಲ್ಲೇ ಇದೆ. ಆಮೇಲೆ ಕೋೞಿ ಕೋಳಿಯಾಯಿತು, ಏೞು ಏಳಾಯಿತು, ಅಕ್ಷರವೇ ಬಿದ್ದುಹೋಯಿತು. ಕಂಪ್ಯೂಟರಿಗೆ ಅಕ್ಷರಗಳ ಪಟ್ಟಿ ಮಾಡುವ ಯೂನಿಕೋಡ್‌ನವರು ಅದಕ್ಕೊಂದು ಜಾಗ ಕೊಟ್ಟರು, ಆದರೆ 'ಫ' ಅಂತ ತಪ್ಪು ಹೆಸರಿಟ್ಟರು! ಅಲ್ಲಿ ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ. ಪಕ್ಕದಲ್ಲಿ ಸರಿಯಾದ ಹೆಸರನ್ನೂ ಸೇರಿಸಿ ಸುಮ್ಮನಾದರು.

ಟೀ ಮುಗಿದರೂ ಮಳೆ ನಿಲ್ಲಲಿಲ್ಲ. ಚೇಟ್ಟ ಹೊರಗೆ ಇಣುಕಿ, "ಮೞ" ಅಂದರು. ಹಳಗನ್ನಡದಲ್ಲಿ ಮೞೆ. ಬೋರ್ಡಿಗೆ ೞ ಹಾಕಿಸಿ ಅನ್ನೋಣ ಅಂದುಕೊಂಡೆ. ಆಮೇಲೆ ಅದನ್ನು ಓದಲಾಗದೆ ಗಿರಾಕಿಗಳು ಬಜ್ಜಿ ಕೇಳಿಯಾರು ಅನ್ನಿಸಿತು. "ಪಳಂ ಅಂತ ತಿದ್ದಿಸಿ ಚೇಟ್ಟಾ" ಅಂದೆ. "ತಿದ್ದೋಕೆ ಎಷ್ಟು ಕೇಳ್ತಾನೋ" ಅಂದರು.