ಗುಡ್ಡದ ಮೇಲೆ ಒಂದು ರೂಪಾಯಿ

ಜೋಯಿಡಾ ತಾಲ್ಲೂಕಿನ ಆ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯ ಮತ್ತಿಮರದ ಬುಡದಲ್ಲಿ ಮಾತ್ರ. ಹಾಗಾಗಿ ಮೊಬೈಲಿನಲ್ಲಿ ಹಣ ಕೊಟ್ಟು ಪಡೆಯುವ ನಮ್ಮ ಪಾಠವೂ ಅಲ್ಲಿಯೇ. ಸ್ವಸಹಾಯ ಸಂಘದ, ಕುಣಬಿ ಸಮುದಾಯದ ಒಂಬತ್ತು ಹೆಂಗಸರು ಬೆಳಗಿನ ಕೆಲಸ ಮುಗಿಸಿ ಏರಿ ಬಂದಿದ್ದರು. ಗೆಡ್ಡೆ-ಗೆಣಸು ಮೇಳ ಹತ್ತಿರವಾಗಿತ್ತು. ಹಿಂದಿನ ಸಲ ಪೇಟೆಯವರು ಮುಡ್ಲಿ ಗೆಡ್ಡೆಯನ್ನು ಕೈಗೆತ್ತಿಕೊಂಡು, "ಫೋನ್‌ಪೇ ಇದೆಯಾ?" ಎಂದು ಕೇಳಿ, ಇಲ್ಲವೆಂದಾಗ ಕೆಳಗಿಟ್ಟು ಹೋಗಿದ್ದರಂತೆ. ಕಲಿಯಲೇಬೇಕೆಂಬ ಹಟ ಹುಟ್ಟಿದ್ದು ಅಲ್ಲಿಂದ.

ಮೊದಲ ಹೆಜ್ಜೆಯಲ್ಲೇ ಮೂವರು ನಿಂತುಬಿಟ್ಟರು. ಯುಪಿಐಗೆ, ಅಂದರೆ ಫೋನ್‌ಪೇಯಂಥ ಮೊಬೈಲ್ ಪಾವತಿಗೆ, ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರೇ ಬೇಕು. ಇವರ ಖಾತೆಯಲ್ಲಿದ್ದದ್ದು ಎಂದೋ ಕಳೆದುಹೋದ ಸಿಮ್. ಬದಲಿಸಲು ಬ್ಯಾಂಕಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ 'ಹಳ್ಳಿಯವರಿಗೆ ಆಸಕ್ತಿಯಿಲ್ಲ' ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಉಳಿದವರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ಅಜ್ಜಿ. ಗುದ್ದಲಿ ಹಿಡಿದು ಜಡ್ಡುಗಟ್ಟಿದ ಬೆರಳು. ಪರದೆಯನ್ನು ಬಲವಾಗಿ ಒತ್ತಿ ಹಿಡಿಯುತ್ತಿದ್ದರು, ಹಿಡಿದಾಗಲೆಲ್ಲ ಬೇರೇನೋ ತೆರೆದುಕೊಳ್ಳುತ್ತಿತ್ತು. "ಮೆಲ್ಲಗೆ" ಎಂದು ನಾಲ್ಕು ಸಲ ಹೇಳಿದರೂ ಆಗಲಿಲ್ಲ. ಆಗ ಪಕ್ಕದಲ್ಲಿದ್ದ ಸೊಸೆ ಕೊಂಕಣಿಯಲ್ಲಿ ಏನೋ ಅಂದಳು. 'ಕಾವಲಿ ಕಾದಿದೆಯೇ ಎಂದು ನೋಡುವ ಹಾಗೆ ಮುಟ್ಟಿ' ಎಂದಳಂತೆ. ಅಜ್ಜಿ ಬೆರಳು ತಾಗಿಸಿ ತಟ್ಟನೆ ಹಿಂದೆಳೆದುಕೊಂಡರು. ಬೇಕಾದ ಪುಟ ತೆರೆಯಿತು! ಈಗ ಎಲ್ಲಿ ಪಾಠ ಮಾಡಿದರೂ ನಾನು ಆ ಮಾತನ್ನೇ ಹೇಳುತ್ತೇನೆ.

ಆಮೇಲೆ ಒಂದು ರೂಪಾಯಿ ಮೊಬೈಲಿನಿಂದ ಮೊಬೈಲಿಗೆ ಸುತ್ತತೊಡಗಿತು. ಸಂಘದ ಒಬ್ಬರು, 'ಹಣ ಬರಬೇಕಾದರೆ ಪಿನ್ ಒತ್ತಿ' ಎಂದ ಯಾರದೋ ಕರೆಯನ್ನು ನಂಬಿ ಗೆಣಸು ಮಾರಿದ ದುಡ್ಡು ಕಳೆದುಕೊಂಡಿದ್ದರು. ಆ ಭಯ ಎಲ್ಲರಲ್ಲೂ ಇತ್ತು. ಅದಕ್ಕೇ ಪ್ರತಿ ಸಲ ರೂಪಾಯಿ ಬಂದಾಗಲೂ ಕೇಳುತ್ತಿದ್ದೆ: "ಪಿನ್ ಕೇಳಿತೇ?" "ಇಲ್ಲ." ಕೊಡುವಾಗ ಪಿನ್, ಪಡೆಯುವಾಗ ಬೇಡವೇ ಬೇಡ. ಅದನ್ನು ಯಾರಿಗೂ ಹೇಳಬಾರದು, ತೋರಿಸಬಾರದು. ಮೋಸವಾಯಿತೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಅಜ್ಜಿಯ ಸರದಿ ಬಂತು. ಸೊಸೆಗೆ ಕಳಿಸಬೇಕು. ಒಂದು ಎಂಬ ಅಂಕಿಯನ್ನು ತಾವೇ ಮುಟ್ಟಿದರು, ಪಿನ್ ಕೇಳುವ ಪುಟ ಬಂತು. ನೆರವಾಗೋಣವೆಂದು ನಾನು ಬಗ್ಗಿದೆ. ಅಜ್ಜಿ ಸೆರಗನ್ನು ಮೊಬೈಲಿನ ಮೇಲೆಳೆದುಕೊಂಡು, "ಅಕ್ಕೋರೇ, ನೀವು ಆ ಕಡೆ ತಿರುಗಿ" ಎಂದರು.

ಕಾಡಿನತ್ತ ಮುಖ ಮಾಡಿ ನಿಂತೆ. ತುಸು ಹೊತ್ತಿನಲ್ಲಿ ಬೆನ್ನ ಹಿಂದೆ ಸೊಸೆಯ ಮೊಬೈಲ್ ಕಿಣಿ ಎಂದಿತು.