ಗೀಸರಿನ ಸೇಫ್ಟಿ ವಾಲ್ವ್ ತೊಟ್ಟಿಕ್ಕಿದರೆ ಅದರ ಬಾಯಿ ಮುಚ್ಚಬೇಡಿ

ಗೀಸರ್ ಆನ್ ಮಾಡಿದಾಗಲೆಲ್ಲ ಕೆಳಗಿನ ಸೇಫ್ಟಿ ವಾಲ್ವಿನಿಂದ (ಒತ್ತಡ ಮಿತಿಮೀರಿದಾಗ ನೀರು ಹೊರಬಿಡುವ ವಾಲ್ವ್) ನೀರು ತೊಟ್ಟಿಕ್ಕುತ್ತದೆ ಎಂದು ಕರೆ ಬಂದರೆ, ಹೋದ ಪ್ಲಂಬರ್‌ಗಳು ಅದರ ಬಾಯಿಗೆ ಎಂಡ್ ಪ್ಲಗ್ (ಮುಚ್ಚುವ ಬಿರಡೆ) ಹಾಕಿ ಬರುವುದುಂಟು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಟ್ಯಾಂಕೇ ಸಿಡಿಯಬಹುದು.

ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು ಶೇ. 1.5ರಷ್ಟು ಹಿಗ್ಗುತ್ತದೆ. 25 ಲೀಟರ್ ಗೀಸರಿನಲ್ಲಿ ಅದು ಹತ್ತಿರಹತ್ತಿರ 380 ಮಿ.ಲೀ., ಎರಡು ಲೋಟದಷ್ಟು. ತಣ್ಣೀರಿನ ಲೈನು ಓವರ್‌ಹೆಡ್ ಟ್ಯಾಂಕಿನವರೆಗೂ ತೆರೆದಿದ್ದರೆ ಅಷ್ಟು ನೀರು ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸ್ ಹೋಗುತ್ತದೆ. ನಡುವೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಬಂದರೆ ದಾರಿ ಬಂದ್. ಪ್ರೆಶರ್ ಪಂಪಿನ ಲೈನಿನಲ್ಲಿ ಒಂದಿರುತ್ತದೆ, ಸೇಫ್ಟಿ ವಾಲ್ವಿನೊಳಗೂ ಸಾಮಾನ್ಯವಾಗಿ ಒಂದಿರುತ್ತದೆ.

ಬಿಸಿನೀರಿನ ಔಟ್‌ಲೆಟ್‌ಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಒತ್ತಡದ ಗೇಜ್ ಕೂರಿಸಿ ನೋಡಿ. ಪಂಪ್ 2.5 ಕೆಜಿಗೆ (ಒತ್ತಡದ ಅಳತೆ, ಚದರ ಸೆಂ.ಮೀ.ಗೆ ಇಷ್ಟು ಕೆಜಿ ಎಂದು) ನಿಂತಿದೆ, ನಲ್ಲಿಗಳೆಲ್ಲ ಬಂದ್. ಗೀಸರ್ ಆನ್ ಮಾಡಿದರೆ ನೀರು ಪೂರ್ತಿ ಕಾಯುವ ಮೊದಲೇ ಮುಳ್ಳು ಮೇಲೇರುತ್ತದೆ. 8 ಕೆಜಿ ಆಸುಪಾಸಿನಲ್ಲಿ ಒಂದು ಹನಿ ಬೀಳುತ್ತದೆ, ಮುಳ್ಳು ಚೂರು ಇಳಿಯುತ್ತದೆ, ಮತ್ತೆ ಏರುತ್ತದೆ. ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದರ ಬಾಯಿಗೆ ಪೈಪ್ ಸಿಕ್ಕಿಸಿ, ಇಳಿಜಾರಾಗಿ ನೆಲದ ಟ್ರ್ಯಾಪ್‌ವರೆಗೆ ಬಿಟ್ಟರೆ ಸಾಕು. ಪೈಪಿನ ತುದಿ ಸದಾ ತೆರೆದಿರಲಿ.

ಗೀಸರ್ ಆಫ್ ಇದ್ದು ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ಲೆಕ್ಕ ಬೇರೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಬಹುತೇಕ ವಾಲ್ವಿನ ಸೀಟಿನ (ಮುಚ್ಚಳ ಕೂರುವ ಜಾಗ) ಮೇಲೆ ಸುಣ್ಣ ಕೂತಿರುತ್ತದೆ. ಲಿವರ್ ಎರಡು ಮೂರು ಸಲ ಎತ್ತಿ ಬಿಡಿ. ಆಗಲೂ ನಿಲ್ಲದಿದ್ದರೆ ಲೈನಿನ ಒತ್ತಡ ಅಳೆಯಿರಿ. ಅದು ಸರಿಯಿದ್ದರೆ ವಾಲ್ವನ್ನೇ ಬದಲಿಸಿ, ಹೊಸದರ ಒತ್ತಡದ ರೇಟಿಂಗ್ ಗೀಸರಿನ ಲೇಬಲ್ಲಿನಲ್ಲಿರುವುದಕ್ಕಿಂತ ಹೆಚ್ಚಿರಬಾರದು.

ಎತ್ತರದ ಅಪಾರ್ಟ್‌ಮೆಂಟಿನ ಕೆಳಮಹಡಿಗಳಲ್ಲಿ ಒತ್ತಡ ಸಹಜವಾಗಿಯೇ ಹೆಚ್ಚು, ಪ್ರತಿ 10 ಮೀಟರಿಗೆ 1 ಕೆಜಿ. ಅದಕ್ಕೆಂದು ಪ್ರೆಶರ್ ರೆಡ್ಯೂಸಿಂಗ್ ವಾಲ್ವ್ ಹಾಕಿಸುತ್ತಾರೆ. ಅದು ನೀರನ್ನು ಹಿಂದಕ್ಕೆ ಬಿಡುವುದಿಲ್ಲವಾದ್ದರಿಂದ ಅಲ್ಲಿಯೂ ದಾರಿ ಬಂದ್ ಆಗುತ್ತದೆ.

ಹನಿಯೇ ಬೇಡವೆನ್ನುವವರು ಎಕ್ಸ್‌ಪ್ಯಾನ್ಶನ್ ಟ್ಯಾಂಕ್ (ಹಿಗ್ಗಿದ ನೀರಿಗೆ ಜಾಗ ಕೊಡುವ, ಒಳಗೆ ಗಾಳಿ ತುಂಬಿದ ಸಣ್ಣ ಟ್ಯಾಂಕ್) ಹಾಕಿಸಬೇಕು. ತಪ್ಪಾಗುವುದು ಜಾಗದಲ್ಲಿ. ಸೇಫ್ಟಿ ವಾಲ್ವಿಗಿಂತ ಹಿಂದೆ, ತಣ್ಣೀರಿನ ಲೈನಿನಲ್ಲಿ ಹಾಕಿದರೆ ವಾಲ್ವಿನೊಳಗಿನ ಎನ್‌ಆರ್‌ವಿ ದಾಟಿ ನೀರು ಅಲ್ಲಿಗೆ ತಲುಪುವುದೇ ಇಲ್ಲ. ವಾಲ್ವಿಗೂ ಗೀಸರಿಗೂ ನಡುವೆ ಟೀ ಹಾಕಿ ಅಲ್ಲಿ ಕೂರಿಸಿ, ಮಧ್ಯೆ ಯಾವ ಕಾಕೂ ಬೇಡ. ಬಿಸಿನೀರಿನ ಶಾಖ ತಾಳುವ ಬ್ಲ್ಯಾಡರ್ (ಗಾಳಿ, ನೀರನ್ನು ಬೇರೆಯಾಗಿಡುವ ರಬ್ಬರ್ ಚೀಲ) ಇರುವುದನ್ನೇ ತನ್ನಿ. ಲೈನಿನ ನೀರು ಪೂರ್ತಿ ಬಿಟ್ಟು, ಟೈರಿನ ಗೇಜಿನಲ್ಲಿ ಅಳೆದು, ಪಂಪ್ ನಿಲ್ಲುವ ಒತ್ತಡದಷ್ಟೇ ಗಾಳಿ ತುಂಬಿ. 2.5 ಕೆಜಿ ಗಾಳಿ ಇಟ್ಟು 6 ಕೆಜಿ ದಾಟದಂತೆ ನೋಡಿಕೊಳ್ಳಲು ಸುಮಾರು ಮುಕ್ಕಾಲು ಲೀಟರ್ ಟ್ಯಾಂಕ್ ಬೇಕು. 2 ಲೀಟರಿನದು ಧಾರಾಳ.

ನೀರಿನಂತೆ ಬಿಸಿನೀರಿನ ಪೈಪೂ ಹಿಗ್ಗುತ್ತದೆ. 10 ಮೀಟರ್ ಸಿಪಿವಿಸಿ (ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪ್) 40 ಡಿಗ್ರಿ ಏರಿದರೆ ಸುಮಾರು 25 ಮಿ.ಮೀ. ಉದ್ದವಾಗುತ್ತದೆ. ಕ್ಲ್ಯಾಂಪ್ ಬಿಗಿದು ಕಟ್ಟಿದರೆ ತಿರುವಿನ ಎಲ್ಬೋ ಬಿರುಕು ಬಿಡಬಹುದು.