ಏಸಿ ನೀರು ಯಾರ ತಲೆ ಮೇಲೆ?

ಪಕ್ಕದ ಮನೆಯ ತಾತ ಮಾತು ಕಮ್ಮಿ. ಕಸದ ಡಬ್ಬಿ ರಸ್ತೆಗೆ ತಳ್ಳುವಾಗ ಕೈ ಎತ್ತುತ್ತಾರೆ, ಅಷ್ಟೇ. ಅಂಥವರು ಜುಲೈನ ಒಂದು ಸಂಜೆ ಬಂದು ಬೆಲ್ ಒತ್ತಿದಾಗ ಏನೋ ಎಡವಟ್ಟಾಗಿದೆ ಅಂತಲೇ ಅನಿಸಿತು. "ನಿಮ್ಮ ಮುಂದಿನ ಕಿಟಕಿ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಆ ಪೈಪಿನಲ್ಲಿ ನೀರು ಬರಬಾರದು. ಬಂತು ಅಂದ್ರೆ ಮನೆ ನಿಮ್ಮನ್ನು ಕರೀತಾ ಇದೆ ಅಂತ" ಎಂದು ಹೇಳಿ, ನನ್ನ ಉತ್ತರಕ್ಕೂ ಕಾಯದೆ ಹೊರಟುಹೋದರು.

ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ. ಇಲ್ಲಿನ ಡಲ್ಲಾಸ್ ಸುತ್ತಮುತ್ತ ಮನೆಗಳಿಗೆ ನೆಲಮಾಳಿಗೆ ಇರುವುದೇ ಅಪರೂಪ. ನೆಲಕ್ಕೆ ಕಾಂಕ್ರೀಟ್ ಹಾಸಿ ಅದರ ಮೇಲೆ ಕಟ್ಟಿಬಿಡುತ್ತಾರೆ. ಹಾಗಾಗಿ ಚಳಿಗಾಲಕ್ಕೆ ಮನೆ ಕಾಯಿಸುವ ಫರ್ನೇಸು, ಬೇಸಿಗೆಗೆ ತಂಪು ಮಾಡುವ ಕಾಯಿಲು, ಗಾಳಿ ತಳ್ಳುವ ಫ್ಯಾನು ಎಲ್ಲ ಹೋಗಿ ಕೂರುವುದು ಅಟ್ಟದಲ್ಲಿ, ಅಂದರೆ ಇಳಿಜಾರು ಸೂರಿಗೂ ಕೋಣೆಯ ಸೀಲಿಂಗಿಗೂ ನಡುವಿನ ಜಾಗದಲ್ಲಿ. ಅಲ್ಲಿಂದ ಗಾಳಿ ಸಾಗಿಸುವ ದಪ್ಪ ಡಕ್ಟುಗಳು ಒಂದೊಂದು ಕೋಣೆಗೂ ಇಳಿಯುತ್ತವೆ.

ಏಸಿ ಓಡುವಾಗ ಗಾಳಿಯಲ್ಲಿನ ತೇವ ತಣ್ಣಗಿನ ಕಾಯಿಲಿಗೆ ತಾಗಿ ನೀರಾಗುತ್ತದೆ. ಸೆಕೆ ಜಾಸ್ತಿ ಇರುವ ದಿನಗಳಲ್ಲಿ ಬಕೆಟ್‌ಗಟ್ಟಲೆ. ಅದು ಹೋಗಲು ಒಂದು ಪೈಪು ಇರುತ್ತದೆ. ಆ ಪೈಪು ಕಟ್ಟಿಕೊಂಡರೆ? ಅದಕ್ಕೇ ಯಂತ್ರದ ಕೆಳಗೆ ಅಗಲವಾದ ಒಂದು ತಟ್ಟೆ, ಆ ತಟ್ಟೆಗೆ ಇನ್ನೊಂದು ಪೈಪು. ಈ ಎರಡನೆಯದರ ಬಾಯಿಯನ್ನು ಬೇಕಂತಲೇ ಯಾವುದಾದರೂ ಕಿಟಕಿಯ ಮೇಲೋ ಬಾಗಿಲ ಮೇಲೋ ತಂದು ಬಿಡುತ್ತಾರೆ. ಮನೆಯವರ ಕಣ್ಣಿಗೆ ಬೀಳುವ ಕಡೆಯೇ ಬಿಡಬೇಕು ಅಂತ ಕಟ್ಟಡ ನಿಯಮದಲ್ಲೇ ಇದೆ. ತಾತ ಹೇಳಿದ್ದು ಈ ಪೈಪಿನ ಬಗ್ಗೆ.

ರಾತ್ರಿ ಊಟ ಮಾಡುತ್ತಾ ಇದನ್ನು ಮಗಳಿಗೆ ವಿವರಿಸಿದೆ. ಎರಡನೇ ಕ್ಲಾಸಿನ ಹುಡುಗಿ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ಹಾಗಾದ್ರೆ ದಾವಣಗೆರೆಯಲ್ಲಿ ನನ್ನ ತಲೆ ಮೇಲೆ ನೀರು ಬಿತ್ತಲ್ಲ, ಅದು ಯಾರನ್ನ ಕರೀತಾ ಇತ್ತು?"

ನನ್ನ ಹೆಂಡತಿ ನಕ್ಕಳು. ನನಗೆ ನಗಲು ಆಗಲಿಲ್ಲ.

ಮೇ ಕೊನೆಯಲ್ಲಿ ಮದುವೆಗೆಂದು ಊರಿಗೆ ಹೋಗಿದ್ದೆವು. ಬೆಣ್ಣೆ ದೋಸೆ ತಿನ್ನದೆ ದಾವಣಗೆರೆ ದಾಟುವುದುಂಟೇ? ಹೋಟೆಲಿನಲ್ಲಿ ಜಾಗ ಇರಲಿಲ್ಲ, ಪಕ್ಕದ ಕಟ್ಟಡದ ಮುಂದೆ ಫುಟ್‌ಪಾತಿನಲ್ಲಿ ನಿಂತಿದ್ದೆವು. ಮೇಲೆ ಸಾಲಾಗಿ ಏಸಿ ಡಬ್ಬಗಳು. ಮಗಳ ಬೈತಲೆಗೆ ಸರಿಯಾಗಿ ಒಂದು ಹನಿ ಬಿತ್ತು. "ಮಳೆ!" ಎಂದು ಎರಡೂ ಕೈ ಚಾಚಿದಳು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. "ಮಳೆ ಅಲ್ಲಮ್ಮ, ಏಸಿ ನೀರು, ಈ ಕಡೆ ಬಾ" ಎಂದು ನಮ್ಮ ಮಾವ ಅವಳ ತೋಳು ಹಿಡಿದು ಎಳೆದುಕೊಂಡರು. ನಾವೆಲ್ಲ ಎರಡು ಹೆಜ್ಜೆ ಸರಿದೆವು. ನಾವು ಬಿಟ್ಟ ಜಾಗದಲ್ಲಿ ಮಗು ಎತ್ತಿಕೊಂಡ ಇನ್ನೊಬ್ಬರು ಬಂದು ನಿಂತರು. ಹನಿ ಬೀಳುತ್ತಿದ್ದ ಕಡೆ ಕಲ್ಲಿನ ಮೇಲೆ ಅಂಗೈ ಅಗಲ ಪಾಚಿ ಕಟ್ಟಿತ್ತು. ಹಸಿರಾಗಿ, ನುಣ್ಣಗೆ. ಅಷ್ಟು ಪಾಚಿ ಬೆಳೆಯಬೇಕಾದರೆ ಎಷ್ಟು ಜನ ಎರಡು ಹೆಜ್ಜೆ ಸರಿದಿರಬೇಕು!

ಮರುದಿನ ಬೆಳಿಗ್ಗೆ ಏಳಕ್ಕೇ ಮೆಕ್ಯಾನಿಕ್ ಬಂದ. ಹನ್ನೊಂದರ ಮೇಲೆ ಅಟ್ಟ ಹತ್ತುವುದಿಲ್ಲ ಅಂತ ಫೋನಿನಲ್ಲೇ ಹೇಳಿದ್ದ. ಇಲ್ಲಿನ ಬೇಸಿಗೆಯಲ್ಲಿ ಮಧ್ಯಾಹ್ನದ ಅಟ್ಟ 130 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ 54 ಡಿಗ್ರಿಗೂ ಮೇಲೆ. ದಾವಣಗೆರೆಯ ಮಂಡಕ್ಕಿ ಭಟ್ಟಿ ಒಳಗೆ ಹೋಗಿಬಂದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮನೆಯೊಳಗಿನ ತಂಪೆಲ್ಲ ಹುಟ್ಟುವುದು ಆ ಬೆಂಕಿಯಂಥ ಜಾಗದಲ್ಲಿ ಅನ್ನುವುದು ಈ ದೇಶದ ಒಂದು ತಮಾಷೆ.

ಸೀಲಿಂಗಿನಿಂದ ಮಡಿಸುವ ಏಣಿ ಎಳೆದು ಅವನು ಹತ್ತಿದ. ನಾನು ಅರ್ಧ ಹತ್ತಿ ತಲೆ ಮಾತ್ರ ತೂರಿಸಿ ನೋಡಿದೆ. ಎಲ್ಲೆಲ್ಲೂ ಗಾಜಿನ ನಾರಿನ ಹಾಸು. ಮುಟ್ಟಿದರೆ ತುರಿಕೆ, ಅದಕ್ಕೇ ಅವನದು ತುಂಬುತೋಳಿನ ಅಂಗಿ. ಯಂತ್ರದವರೆಗೆ ಎರಡಡಿ ಅಗಲದ ಹಲಗೆ ದಾರಿ. ಯಂತ್ರದ ಮುಂದೆ ಕೂತು ಕೆಲಸ ಮಾಡಲು ಎರಡೂವರೆ ಅಡಿ ಚೌಕದ ಕಟ್ಟೆ, ಏಣಿ ಪಕ್ಕದಲ್ಲೇ ದೀಪದ ಸ್ವಿಚ್ಚು. ಇವೆಲ್ಲಕ್ಕೂ ಅಳತೆ ಸಮೇತ ನಿಯಮ ಉಂಟು. ಹಲಗೆ ಬಿಟ್ಟು ಮರದ ಅಡ್ಡಪಟ್ಟಿ ತಪ್ಪಿ ಕಾಲಿಟ್ಟರೆ ಸೀಲಿಂಗ್ ಒಡೆದು ಕಾಲು ಕೆಳಗಿನ ಕೋಣೆಯಲ್ಲಿ ನೇತಾಡುತ್ತದೆ.

ತಟ್ಟೆಯಲ್ಲಿ ಎರಡು ಬೆರಳು ಆಳದ ಕಂದು ನೀರು. ತಟ್ಟೆಯ ಅಂಚಿನಲ್ಲಿ ಒಂದು ಪುಟ್ಟ ತೇಲುವ ಸ್ವಿಚ್ಚು ಇತ್ತು. ನೀರು ಏರಿದರೆ ಅದೂ ಮೇಲೇರಿ ಏಸಿಯನ್ನು ತಾನಾಗೇ ನಿಲ್ಲಿಸಬೇಕು. ಅದು ಕೆಸರು ಹಿಡಿದು ಅಲ್ಲಾಡದೆ ಕೂತಿತ್ತು. ಅವನು ಮೊದಲ ಪೈಪಿಗೆ ವ್ಯಾಕ್ಯೂಮ್ ಹಚ್ಚಿ ಎಳೆದ. ಗೊರ್ ಗೊರ್ ಎಂದು ಸದ್ದಾಗಿ, ಆಮೇಲೆ ಲೊಳಕ್ಕನೆ ಏನೋ ಬಂತು. ತಂದು ತೋರಿಸಿದ. ಕಪ್ಪು ಲೋಳೆ, ಗೇಣುದ್ದ. "ಆಗಾಗ ಒಂದು ಕಪ್ ವಿನೆಗರ್ ಸುರೀತಾ ಇರಿ, ಇದು ಕಟ್ಟಲ್ಲ" ಅಂದ. ಅಲ್ಲೇ ಇದ್ದ ಫರ್ನೇಸಿನ ಮುಚ್ಚಳ ತೆಗೆದು ಬರ್ನರಿಗೆ ಟಾರ್ಚ್ ಬಿಟ್ಟ. ಉರಿಯ ಹೊಗೆ ಹಾದುಹೋಗುವ ಲೋಹದ ಗೂಡಿನಲ್ಲಿ ಸೀಳು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗ್ಯಾಸ್ ಮನೆಯೊಳಗೆ ಬರಬಹುದು, ಆ ಗ್ಯಾಸಿಗೆ ವಾಸನೆಯೂ ಇಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂನ ಬ್ಯಾಟರಿ ನೋಡಿಕೊಳ್ಳಿ ಅಂದ. 2021ರ ಫೆಬ್ರವರಿ ಹಿಮಗಾಳಿ ನೆನಪಾಯಿತು. ಆಗ ಟೆಕ್ಸಾಸ್‌ನಲ್ಲಿ ಕರೆಂಟ್ ಹೋಗಿ, ಗ್ಯಾಸ್ ಇದ್ದರೂ ಫರ್ನೇಸು ಉರಿಯದೆ ಜನ ಕೋಟು ಹಾಕಿಕೊಂಡೇ ಮಲಗಿದ್ದರು. ಫ್ಯಾನು ತಿರುಗಲು ಕರೆಂಟೇ ಬೇಕಲ್ಲ.

ಇಳಿದು ಬಂದಾಗ ಅವನ ಅಂಗಿ ಹಿಂಡುವಂತಿತ್ತು. ಅವನ ವ್ಯಾನಿನ ಮೇಲೆ ಲೈಸೆನ್ಸ್ ನಂಬರ್ ಬರೆದಿದೆ. ಏಸಿಯ ಗ್ಯಾಸ್ ಮುಟ್ಟಬೇಕಾದರೆ ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿರಬೇಕು. ನಮ್ಮೂರಲ್ಲಿ ಅದೇ ಕೆಲಸದ ಹುಡುಗರು ಮೂರನೇ ಮಹಡಿಯ ಕಿಟಕಿ ಸರಳು ಹಿಡಿದು, ಬೆಲ್ಟೂ ಇಲ್ಲದೆ, ಚಪ್ಪಲಿ ಕಾಲಲ್ಲಿ ನೇತಾಡುವುದನ್ನು ನೋಡಿದ್ದೇನೆ. ಕೆಳಗೆ ನಿಂತ ಮನೆ ಯಜಮಾನರು "ಬೇಗ ಮುಗಿಸಪ್ಪ, ಸೆಕೆ" ಅನ್ನುತ್ತಿರುತ್ತಾರೆ.

ಏಸಿ ರಿಪೇರಿಯಾಯಿತು. ಮಗಳ ಪ್ರಶ್ನೆ ಮಾತ್ರ ತಲೆಯಿಂದ ಇಳಿಯಲಿಲ್ಲ.

ಅಜ್ಜನ ಮನೆ ಚಿತ್ರದುರ್ಗದಲ್ಲಿ, ಕೋಟೆ ಕೆಳಗಿನ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ. ತೊಲೆ, ಜಂತೆ, ಅದರ ಮೇಲೆ ಕಡ್ಡಿ, ಅದರ ಮೇಲೆ ದಪ್ಪಗೆ ಮಣ್ಣು. ಮುಂಗಾರಿಗೆ ಮೊದಲು ಗಾಡಿಯಲ್ಲಿ ಕರಲು ಮಣ್ಣು ತರಿಸಿ ಹರಡುತ್ತಿದ್ದರು. ಆ ಚೌಳು ಮಣ್ಣು ನೀರು ಬಿದ್ದರೆ ಬಿಗಿದುಕೊಂಡು ಹನಿ ಕೆಳಗಿಳಿಯಲು ಬಿಡುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಒಳಗೆ ಚಾಪೆ ಹಾಸಿ ಮಲಗಿದರೆ ಫ್ಯಾನಿನ ನೆನಪೂ ಆಗುತ್ತಿರಲಿಲ್ಲ.

ಆದರೂ ಸೋರುತ್ತಿತ್ತು. ಸೋರಿದರೆ ನಮ್ಮ ಹಾಸಿಗೆ ಮೇಲೇ ಸೋರುತ್ತಿತ್ತು. ಅಜ್ಜಿ ಬೋಗುಣಿ ತಂದಿಡುವಷ್ಟರಲ್ಲಿ ಅಜ್ಜ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಏಣಿ ಹತ್ತಿರುತ್ತಿದ್ದ. "ಅಲ್ಲಲ್ಲ, ಇನ್ನೂ ಬೆಳಕಿಂಡಿ ಕಡೆಗೆ" ಎಂದು ನಾವು ಒಳಗಿನಿಂದ ಕೂಗುವುದು, ಮೇಲೆ ಅವನು ಹಿಮ್ಮಡಿಯಲ್ಲಿ ಧಪ್ ಧಪ್ ತುಳಿಯುವುದು. ಜಂತೆಯ ಸಂದಿಯಿಂದ ಮಣ್ಣು ಉದುರಿ ನಮ್ಮ ಕಣ್ಣಿಗೇ ಬೀಳುತ್ತಿತ್ತು.

ಆ ಕಾಲದವರೆಲ್ಲ ಬಂಗಾರ ಅಂತ ಹೇಳುತ್ತಿಲ್ಲ. ನಮ್ಮ ಮಾಳಿಗೆಯ ಮಳೆನೀರು ಹೊರಗೆ ಬೀಳಿಸುವ ದೋಣಿಯ ನೀರು ಪಕ್ಕದ ಮನೆಯ ಹಿತ್ತಲಿಗೆ ಬೀಳುತ್ತಿತ್ತು. ಅದಕ್ಕೆ ಜೋರು ಜಗಳ. ಒಂದು ಮಳೆಗಾಲ ಆ ಮನೆಯ ಅಜ್ಜಿ, ನಮ್ಮ ದೋಣಿಯಿಂದ ಬಿದ್ದ ನೀರನ್ನು ಕೊಡಪಾನದಲ್ಲಿ ಹಿಡಿದು ತಂದು ನಮ್ಮ ಪಡಸಾಲೆಯಲ್ಲಿ ಸುರಿದರು. "ನಿಮ್ಮ ನೀರು ನೀವೇ ಇಟ್ಕಳ್ರಿ." ಮನೆ ತುಂಬ ಕೆಸರು. ಅಜ್ಜ ಮೂರು ದಿನ ಗೊಣಗಿ, ನಾಲ್ಕನೇ ದಿನ ದೋಣಿಯನ್ನು ಬೀದಿ ಕಡೆ ತಿರುಗಿಸಿದ. ಆ ವರ್ಷದ ದೀಪಾವಳಿಗೆ ಅವರ ಮನೆಯಿಂದ ಹೋಳಿಗೆ ಬಂತು.

ಆ ಮಾಳಿಗೆ ಈಗಿಲ್ಲ. ಕರಲು ತರುವವರಿಲ್ಲ, ತುಳಿಯುವವರಿಲ್ಲ, ಜಂತೆಯಲ್ಲಿ ಚೇಳು ಬೇರೆ. ಅಪ್ಪ ಕೆಡವಿ ಆರ್‌ಸಿಸಿ ಹಾಕಿಸಿದರು. ಹಗಲೆಲ್ಲ ಕಾದ ತಾರಸಿ ರಾತ್ರಿಯೆಲ್ಲ ಬಿಸಿ ಉಗುಳುತ್ತದೆ, ಸುತ್ತ ಬಂಡೆಗಳೂ ಅಷ್ಟೇ. ಹೋದ ವರ್ಷ ಒಂದೂವರೆ ಟನ್ನಿನ ಏಸಿ ಬಂತು. ಅದರ ನೀರಿನ ಪೈಪು ಪಕ್ಕದ ಮನೆಯ ಕಡೆಯ ಗೋಡೆಯಲ್ಲಿ ಹೊರಬಂದಿದೆ. ನೀರು ಬೀಳುವುದು ಸರಿಯಾಗಿ ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಆ ಮನೆಯಲ್ಲಿ ಈಗಿರುವುದು ಕೊಡಪಾನದ ಅಜ್ಜಿಯ ಮೊಮ್ಮಗ.

ಭಾನುವಾರ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. "ಅದೇನು ಕೊಚ್ಚೆ ನೀರೇನೋ? ಶುದ್ಧ ನೀರು. ಅವರೇನೂ ಅಂದಿಲ್ಲ" ಅಂದರು.

"ಅಂದಿಲ್ಲ ಅನ್ನೋದೇ ನನಗೆ ಬೇಜಾರು ಅಪ್ಪಾ" ಅಂದೆ. ಅವರ ಅಜ್ಜಿ ಇದ್ದಿದ್ದರೆ ಇಷ್ಟು ಹೊತ್ತಿಗೆ ನಮ್ಮ ಸೋಫಾ ಒದ್ದೆಯಾಗಿರುತ್ತಿತ್ತು. ಈಗ ಅವರು ಕಲ್ಲನ್ನೇ ಎರಡಡಿ ಆಚೆ ಸರಿಸಿಕೊಂಡಿದ್ದಾರಂತೆ. ಇದನ್ನು ಅಮ್ಮ ಹಿಂದಿನಿಂದ ಹೇಳಿದಳು.

ಆಮೇಲೆ ಅಪ್ಪ ಸ್ವಲ್ಪ ಮೆತ್ತಗಾದರು. ಪೈಪನ್ನು ಮೋರಿವರೆಗೆ ಉದ್ದ ಮಾಡಿಸಲು ಏಸಿ ಹುಡುಗನನ್ನು ಕೇಳಿದ್ದಾರೆ. ಅದು ಪ್ಲಂಬರ್ ಕೆಲಸ ಅಂದನಂತೆ. ಪ್ಲಂಬರನ್ನು ಕರೆದರೆ, ಏಸಿಯವರ ಪೈಪಿಗೆ ನಾನು ಕೈ ಹಚ್ಚಲ್ಲ, ಆಮೇಲೆ ನನ್ನ ತಲೆಗೆ ಬರುತ್ತೆ ಅಂದನಂತೆ. ನಾನು ಡಿಸೆಂಬರಿನಲ್ಲಿ ಬಂದಾಗ ನಾನೇ ನಿಂತು ಮಾಡಿಸುತ್ತೇನೆ ಅಂದೆ.

"ಡಿಸೆಂಬರಿನಲ್ಲಿ ಏಸಿ ಯಾರೋ ಹಾಕ್ತಾರೆ?" ಅಂದರು ಅಪ್ಪ. "ಆಗ ನೀರೇ ಬೀಳಲ್ಲ."